ಹಬ್ಬದ ಉಡುಗೊರೆಗೆ ಮನೆಯಲ್ಲಿ ಮಾಡಿದ ಚಾಕಲೇಟು

ದೀಪಾವಳಿಯು ಸಮೀಪಿಸಿತೆಂದರೆ ಮಿಠಾಯಿ ಅಂಗಡಿಗಳ ಮುಂದೆ ಬಣ್ಣಬಣ್ಣದ ಪೆಟ್ಟಿಗೆಗಳು ಗೋಪುರದಂತೆ ಏಳುವುವು. ಒಂದು ಮನೆಯವರು ಇನ್ನೊಂದು ಮನೆಗೆ ಒಂದು ಪೆಟ್ಟಿಗೆಯನ್ನು ಕೊಡುವರು. ಅವರು ಅದೇ ಬೆಲೆಯ ಮತ್ತೊಂದನ್ನು ಹಿಂದಿರುಗಿಸುವರು. ತಾವು ಕೊಟ್ಟ ಪೆಟ್ಟಿಗೆಯೇ ನಾಲ್ಕು ಮನೆ ತಿರುಗಿ ತಮ್ಮ ಬಾಗಿಲಿಗೇ ಮರಳಿದುದನ್ನು ಕಂಡವರೂ ವಾಚಕರಲ್ಲಿ ಇಲ್ಲದಿರಲಾರರು. ಇದು ವ್ಯಾಪಾರವೇ ಹೊರತು ಉಡುಗೊರೆಯಲ್ಲ. ಕೈಲಾಗದ ಮನೆಯವರಿಗಂತೂ ಇದು ಹಬ್ಬದ ದಿನ ಬರುವ ಸಾಲವೇ ಸರಿ.

ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಕೊಡುವಿಕೆಯ ವಿಚಾರ ಬಂದಿದೆ. ಪ್ರತಿಫಲವನ್ನು ಬಯಸದೆ, ದೇಶ, ಕಾಲ, ಪಾತ್ರಗಳನ್ನು ಅರಿತು ಕೊಡುವುದೇ ಸಾತ್ತ್ವಿಕವೆಂದು ಅಲ್ಲಿಯ ಅಭಿಪ್ರಾಯ. ಈ ಮೂರು ಮಾತುಗಳನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದುಂಟು. ಆದರೆ ಅವುಗಳ ಅರ್ಥವು ನಮಗೆ ಮನದಟ್ಟಾದುದು ಅಡಿಗೆಯ ಮನೆಯಲ್ಲಿ, ಅದೂ ಚಾಕಲೇಟನ್ನು ಮಾಡಲು ಹೊರಟಾಗ, ಎಂದರೆ ವಾಚಕರು ನಗಬಾರದು.

ಚಾಕಲೇಟು ನಮ್ಮದಲ್ಲದ ತಿನಿಸೆಂದು ಹಿರಿಯರು ಮೂಗು ಮುರಿಯಬೇಕಾಗಿಲ್ಲ. ಕೋಕೋ ಗಿಡವು ಅಮೆರಿಕಾ ಖಂಡದ ಉಷ್ಣಪ್ರದೇಶದಿಂದ ಬಂದುದು ನಿಜ. ಆದರೆ ನಮ್ಮ ದಕ್ಷಿಣ ಕನ್ನಡದ ಅಡಿಕೆಯ ತೋಟಗಳ ನೆರಳಿನಲ್ಲಿ ಅದು ಈಗ ಮನೆಯ ಮಗುವಿನಂತೆ ಬೆಳೆಯುತ್ತಿದೆ. ಬೆಳೆಗಾರರು 1973ರಲ್ಲಿ ಕ್ಯಾಂಪ್ಕೋ ಎಂಬ ಸಹಕಾರಿ ಸಂಘವನ್ನು ಕಟ್ಟಿಕೊಂಡರು. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕಲೇಟು ಕಾರ್ಖಾನೆಯು ಪ್ರಾರಂಭವಾಯಿತು. ಸಸ್ಯಶಾಸ್ತ್ರಜ್ಞನಾದ ಲಿನೇಯಸ್ ಎಂಬ ಪಂಡಿತನು 1753ರಲ್ಲಿ ಈ ಗಿಡಕ್ಕೆ ಇಟ್ಟ 'ಥಿಯೋಬ್ರೋಮ' ಎಂಬ ಗ್ರೀಕ್ ಹೆಸರಿಗೆ 'ದೇವತೆಗಳ ಆಹಾರ'ವೆಂದು ಅರ್ಥ. ಗ್ರೀಕರ 'ಥಿಯೋಸ್' ನಮ್ಮ 'ದೇವ' ಶಬ್ದವನ್ನು ಹೋಲುವಂತೆ ತೋರಿದರೂ ಭಾಷಾಶಾಸ್ತ್ರಜ್ಞರು ಇವೆರಡನ್ನೂ ಒಂದೇ ಧಾತುವಿಗೆ ಸೇರಿಸುವುದಿಲ್ಲ. ಶಬ್ದಗಳಲ್ಲಿ ಸಂಬಂಧವಿಲ್ಲದಿದ್ದರೇನು, ರುಚಿಯಲ್ಲಿ ಸಂಬಂಧವನ್ನು ಬೆಳೆಸಲು ಅಡ್ಡಿಯಿಲ್ಲ.

ಕೋಕೋ ಕಾಯಿಯು ಮರದ ಕಾಂಡಕ್ಕೇ ಅಂಟಿಕೊಂಡು ಬಿಡುವುದು. ಒಳಗಿನ ಬೀಜಗಳನ್ನು ಬಿಳಿಯ ತಿರುಳಿನೊಡನೆ ಐದಾರು ದಿನ ಹುದುಗಿಸಿ, ಬಿಸಿಲಿನಲ್ಲಿ ಒಣಗಿಸಿ, ಹುರಿದು, ಅರೆಯುವರು. ಆಗ ಹೊರಡುವ ಮುದ್ದೆಯಲ್ಲಿ ಸುಮಾರು ಅರ್ಧದಷ್ಟು ಕೊಬ್ಬೇ ಇರುವುದು. ಇದಕ್ಕೆ ಕೋಕೋ ಬೆಣ್ಣೆಯೆಂದು ಹೆಸರು. ಇಷ್ಟು ಕೆಲಸವನ್ನು ಮನೆಯಲ್ಲಿ ಮಾಡುವುದು ಅಸಾಧ್ಯವಾದ ಕಾರಣ ಗಟ್ಟಿ ಚಾಕಲೇಟನ್ನು ಕೊಂಡು ತಂದು, ಕರಗಿಸಿ, ಹುರಿದ ಬೀಜಗಳನ್ನು ಬೆರೆಸುವುದೇ ಗೃಹಸ್ಥರಿಗೆ ಸುಲಭವಾದ ಮಾರ್ಗ.

ಮೊದಲನೆಯದು ದೇಶ. ಕೋಕೋ ಬೆಣ್ಣೆಯು ಸುಮಾರು 34 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದು. ನಮ್ಮ ಶರೀರದ ಶಾಖವು 37 ಡಿಗ್ರಿಯಾದುದರಿಂದಲೇ ಚಾಕಲೇಟು ನಾಲಗೆಯ ಮೇಲೆ ಇಟ್ಟೊಡನೆ ಕರಗಿಹೋಗುವುದು. ಆದಕಾರಣ ಕಲಬುರಗಿಯ ಬೇಸಗೆಯಲ್ಲಿ ಇದನ್ನು ಉಡುಗೊರೆಯಾಗಿ ಕಳುಹಿಸಿದರೆ ಮುಟ್ಟುವುದು ಉಂಡೆಯಲ್ಲ, ಕೆಸರು. ಎರಡನೆಯದು ಕಾಲ. ಮಳೆ ನಿಂತು ಚಳಿ ಕಾಲಿಡುವ ದೀಪಾವಳಿಯಿಂದ ಕ್ರಿಸ್ಮಸ್ ಹಬ್ಬದವರೆಗಿನ ದಿನಗಳು ಇದಕ್ಕೆ ಪ್ರಶಸ್ತವಾದುವು. ಮಂಗಳೂರಿನ ಕ್ರೈಸ್ತ ಬಂಧುಗಳು ಕ್ರಿಸ್ಮಸ್ಸಿಗೆ 'ಕುಸ್ವಾರ್' ಎಂದು ಮನೆಯ ತಿನಿಸುಗಳನ್ನು ತಟ್ಟೆಯಲ್ಲಿಟ್ಟು ನೆರೆಮನೆಗಳಿಗೆ ಹಂಚುವ ಸಂಪ್ರದಾಯವೂ, ನಮ್ಮ ಸಂಕ್ರಾಂತಿಯ ಎಳ್ಳುಬೆಲ್ಲವೂ ಒಂದೇ ಮನೋಧರ್ಮದಿಂದ ಹುಟ್ಟಿದುವು.

ಇನ್ನು ಮಾಡುವ ಕ್ರಮ. ಕಪ್ಪು ಚಾಕಲೇಟು 400 ಗ್ರಾಂ, ಕಡಲೆಕಾಯಿ ಬೀಜ 100 ಗ್ರಾಂ, ಗೋಡಂಬಿ 50 ಗ್ರಾಂ, ಬಾದಾಮಿ 50 ಗ್ರಾಂ, ಉಪ್ಪು ಒಂದು ಚಿಟಿಕೆ. ಇಷ್ಟರಿಂದ ಹದಿನೈದು ಗ್ರಾಮಿನ ಸುಮಾರು 40 ತುಂಡುಗಳಾಗುವುವು; ಮನೆಗೆ ಹತ್ತರಂತೆ ನಾಲ್ಕು ಮನೆಗಳಿಗೆ ಸಾಲುವುವು.

ಬೀಜಗಳನ್ನು ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯತಕ್ಕದ್ದು. ಗೋಡಂಬಿಯು ಬೇಗನೆ ಕೆಂಪಾಗುವುದು, ಬಾದಾಮಿಗೆ ಹೆಚ್ಚು ಹೊತ್ತು ಬೇಕು. ಒಟ್ಟಿಗೆ ಹಾಕಿದರೆ ಒಂದು ಸೀದು ಮತ್ತೊಂದು ಹಸಿಯಾಗಿ ಉಳಿಯುವುದು. ಕಡಲೆಕಾಯಿ ಬೀಜದ ಸಿಪ್ಪೆಯನ್ನು ಉಜ್ಜಿ ಕೇರಿ, ಎಲ್ಲವನ್ನೂ ಒಡೆದು, ಪೂರ್ತಿಯಾಗಿ ಆರಲು ಬಿಡಬೇಕು.

ಚಾಕಲೇಟನ್ನು ಸಣ್ಣಗೆ ಹೆಚ್ಚಿ ಮೂರು ಪಾಲು ಮಾಡಿ, ಎರಡು ಪಾಲನ್ನು ಒಂದು ಪಾತ್ರೆಗೆ ಹಾಕಬೇಕು. ಇನ್ನೊಂದು ಅಗಲವಾದ ಪಾತ್ರೆಯಲ್ಲಿ ಎರಡು ಬೆರಳಿನಷ್ಟು ನೀರು ಕಾಯಿಸಿ, ಉರಿಯನ್ನು ಆರಿಸಿ, ಚಾಕಲೇಟಿನ ಪಾತ್ರೆಯನ್ನು ಅದರ ಮೇಲೆ ತಳವು ನೀರಿಗೆ ತಾಗದಂತೆ ಕೂರಿಸತಕ್ಕದ್ದು. ನೇರವಾಗಿ ಒಲೆಯ ಮೇಲಿಟ್ಟರೆ ತಳ ಹತ್ತುವುದು ಖಂಡಿತ. ಕರಗಿ ಸುಮಾರು 45 ಡಿಗ್ರಿ ಬಿಸಿಯಾದೊಡನೆ ಕೆಳಗಿಳಿಸಿ, ಉಳಿದ ಒಂದು ಪಾಲನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ, 32 ಡಿಗ್ರಿಗೆ ಇಳಿಯುವವರೆಗೆ ಕೈಬಿಡದೆ ಕಲಕಬೇಕು. ಶಾಖಮಾಪಕವಿಲ್ಲದವರು ಬೇರೊಂದು ಚಮಚದ ತುದಿಯಿಂದ ಒಂದು ತೊಟ್ಟನ್ನು ಕೆಳದುಟಿಗೆ ಮುಟ್ಟಿಸಿ ನೋಡಬಹುದು. ಕೊಂಚ ತಣ್ಣಗೆನಿಸಿದರೆ ಹದವಾಯಿತೆಂದು ತಿಳಿಯಬೇಕು. ಕೋಕೋ ಬೆಣ್ಣೆಯ ಹರಳುಗಳು ಈ ಕ್ರಮದಿಂದ ಮಾತ್ರ ಸರಿಯಾಗಿ ಕಟ್ಟಿಕೊಳ್ಳುವುವು. ತಪ್ಪಿದರೆ ಉಂಡೆಯ ಹೊಳಪು ಹೋಗಿ, ಮೇಲೆ ಬೂದುಬಣ್ಣದ ಗೆರೆಗಳು ಏಳುವುವು. ಅದು ಬೂಷ್ಟಲ್ಲ, ತಿನ್ನಲು ಬಾಧಕವಿಲ್ಲ, ಕಣ್ಣಿಗೆ ಮಾತ್ರ ಅಂದವಿಲ್ಲ. ಕೋಕೋ ಬೆಣ್ಣೆಗೆ ಬದಲಾಗಿ ಬೇರೆ ಸಸ್ಯದ ಕೊಬ್ಬನ್ನು ಸೇರಿಸಿದ 'ಕಾಂಪೌಂಡ್' ಎಂಬ ಗಟ್ಟಿಯೂ ಪೇಟೆಯಲ್ಲಿ ಸಿಕ್ಕುವುದು. ಅದಕ್ಕೆ ಈ ಹದದ ಚಿಂತೆಯಿಲ್ಲ, ರುಚಿಯು ಮಾತ್ರ ಒಂದು ಮೆಟ್ಟಿಲು ಕೆಳಗೆ.

ಹದವಾದ ಪಾಕಕ್ಕೆ ಬೀಜಗಳನ್ನೂ ಉಪ್ಪನ್ನೂ ಬೆರೆಸಿ, ಬೆಣ್ಣೆಕಾಗದದ ಮೇಲೆ ಚಮಚದಿಂದ ಗುಪ್ಪೆಗುಪ್ಪೆಯಾಗಿ ಇಡುತ್ತ ಬಂದರೆ ತಂಪಾದ ಕೋಣೆಯಲ್ಲಿ ತಾವೇ ಗಟ್ಟಿಯಾಗುವುವು. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಎರಡು ಮೂರು ವಾರ ಕೆಡುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಮೊದಲನೆಯ ವರ್ಷ ನಾವು ತೊಳೆದ ಪಾತ್ರೆಯನ್ನು ಸರಿಯಾಗಿ ಒರೆಸದೆ ಚಾಕಲೇಟು ಹಾಕಿದೆವು. ನಾಲ್ಕೇ ತೊಟ್ಟು ನೀರು. ಅಷ್ಟರಿಂದಲೇ ಪಾಕವೆಲ್ಲ ಮರಳಿನಂತೆ ಗಂಟುಗಟ್ಟಿತು. ಸಕ್ಕರೆಯ ಕಣಗಳು ನೀರನ್ನು ಹೀರಿ ಒಂದಕ್ಕೊಂದು ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ಅದಕ್ಕೆ ಬಿಸಿಹಾಲನ್ನು ಸುರಿದು ಕಲಕಿ ಮಕ್ಕಳಿಗೆ ಕುಡಿಯಲು ಕೊಟ್ಟೆವು. ಅವರು ಪ್ರತಿವರ್ಷವೂ ಹೀಗೆಯೇ ಕೆಡಲೆಂದು ಹಾರೈಸಿದರು.

ಮೂರನೆಯದು ಪಾತ್ರ. ಸಂಸ್ಕೃತದಲ್ಲಿ ಈ ಶಬ್ದಕ್ಕೆ ಭಾಂಡವೆಂದೂ, ಪಡೆಯಲು ತಕ್ಕವನೆಂದೂ ಎರಡರ್ಥಗಳುಂಟು. ಭಾಂಡದ ಪಾಠವನ್ನು ನಾವು ಹೀಗೆ ಕಲಿತೆವು. ಎರಡನೆಯ ಅರ್ಥದ ಪಾಠವು ಮರುವರ್ಷ ಕಾದಿತ್ತು.

ಆ ವರ್ಷ ಉಂಡೆಗಳು ಕನ್ನಡಿಯಂತೆ ಹೊಳೆಯುತ್ತಿದ್ದುವು. ಎದುರುಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಸಂಸಾರಕ್ಕೆ ನಾವೇ ಒಂದು ಡಬ್ಬಿಯನ್ನು ಒಯ್ದೆವು. ಆರು ವರ್ಷದ ಹುಡುಗನು ಓಡಿಬಂದು ಕೈಚಾಚಿದನು. ನಾವು ಒಂದನ್ನು ಅವನ ಅಂಗೈಗೆ ಹಾಕಿಯೇಬಿಟ್ಟೆವು. ತಾಯಿಯು ಒಳಗಿನಿಂದ ಧಾವಿಸಿ ಬಂದು, "ಮೇಷ್ಟ್ರೇ, ಇದರಲ್ಲಿ ಕಡಲೆಕಾಯಿ ಬೀಜ ಇದೆಯೇ?" ಎಂದು ಕೇಳಿ, ನಾವು ಹೌದೆನ್ನುವಷ್ಟರಲ್ಲಿ ಅದನ್ನು ಕಿತ್ತುಕೊಂಡು ಅವನ ಕೈಯನ್ನು ಸೋಪಿನಿಂದ ತೊಳೆದರು. ಹಿಂದಿನ ವರ್ಷ ಒಂದು ಚೂರು ಚಿಕ್ಕಿಯನ್ನು ತಿಂದು ಅವನ ಗಂಟಲು ಊದಿ, ಉಸಿರು ಕಟ್ಟಿ, ಆಸ್ಪತ್ರೆಯಲ್ಲಿ ಉಳಿದು ಬಂದನಂತೆ. "ತಪ್ಪು ತಿಳಿಯಬೇಡಿ ಮೇಷ್ಟ್ರೇ, ನಿಮಗೆ ಗೊತ್ತಿರಲಿಲ್ಲ" ಎಂದು ಅವರೇ ನಮ್ಮನ್ನು ಸಮಾಧಾನಪಡಿಸಿದರು. ಗೊತ್ತಿರಲಿಲ್ಲವೆಂಬುದು ನಿಜ, ಕೇಳಲಿಲ್ಲವೆಂಬುದು ಅದಕ್ಕಿಂತ ನಿಜ. ಜೀವಮಾನವೆಲ್ಲ 'ಪಾತ್ರ' ಶಬ್ದಕ್ಕೆ ಅರ್ಥ ಹೇಳಿದ ನಮಗೆ ಆ ರಾತ್ರಿ ನಿದ್ರೆ ಬರಲಿಲ್ಲ.

ಮರುದಿನ ಬೀಜವಿಲ್ಲದ ಚಾಕಲೇಟನ್ನಾದರೂ ಮಾಡಿಕೊಡೋಣವೆಂದು ಹೊರಟೆವು. ಆದರೆ ಕೊಂಡುತಂದ ಗಟ್ಟಿಯ ಹೊದಿಕೆಯ ಮೇಲೆಯೇ ಇದರಲ್ಲಿ ಕಡಲೆಕಾಯಿಯ ಅಂಶವಿರಬಹುದೆಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಅಷ್ಟು ಅಂಶವೂ ಅಂಥ ಮಗುವಿಗೆ ಅಪಾಯಕರವಾಗಬಹುದು. ಕೊನೆಗೆ ತಾಯಿಯನ್ನು ಕೇಳಿಕೊಂಡು ಒಂದು ಚಿಪ್ಪು ರಸಬಾಳೆಯನ್ನು ಒಯ್ದೆವು. ಹುಡುಗನು ಅದನ್ನು ಎದೆಗವಚಿಕೊಂಡು, "ಇದು ಪೂರ್ತಿ ನನಗೇನಾ?" ಎಂದು ಕೇಳಿದನು. ನಲವತ್ತು ಉಂಡೆಗಳಿಗೂ ದೊರೆಯದ ಮನ್ನಣೆಯು ಆ ಬಾಳೆಹಣ್ಣಿಗೆ ದೊರೆಯಿತು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮವಿದೆ. ಒಲೆ ಹಚ್ಚುವುದಕ್ಕೆ ಮೊದಲು ಕೊಡುವ ಮನೆಗಳನ್ನು ಕೇಳಿ ಬರುವುದು. ಬೀಜಗಳು ಒಗ್ಗದವರು ಯಾರು, ಮಧುಮೇಹದವರು ಯಾರು, ಐದು ವರ್ಷದೊಳಗಿನ ಮಕ್ಕಳುಂಟೇ ಎಂದು ವಿಚಾರಿಸುವುದು. ಅಂಥ ಮಕ್ಕಳ ಗಂಟಲಿಗೆ ಗಟ್ಟಿ ಬೀಜಗಳು ಸಿಕ್ಕಿಕೊಳ್ಳಬಹುದು. ನಾಯಿಯಿರುವ ಮನೆಯಲ್ಲಿ ಡಬ್ಬಿಯನ್ನು ಎತ್ತರದಲ್ಲಿಡುವಂತೆ ಹೇಳುವುದು. ಚಾಕಲೇಟು ನಾಯಿಗೆ ವಿಷ. ಡಬ್ಬಿಯ ಮೇಲೆ ಒಳಗಿರುವ ಪದಾರ್ಥಗಳನ್ನೂ ಮಾಡಿದ ತಾರೀಖನ್ನೂ ದಪ್ಪಕ್ಷರದಲ್ಲಿ ಬರೆದು ಅಂಟಿಸುವುದು. ಈ ಬರವಣಿಗೆಯನ್ನು ಮನೆಯ ಮಕ್ಕಳಿಗೆ ವಹಿಸಿದರೆ ಅವರ ಅಕ್ಷರವೂ ತಿದ್ದುವುದು.

ಹೀಗೆ ವಿಚಾರಿಸಲು ಹೋದಾಗ ಒಂದು ಲಾಭವೂ ಆಯಿತು. ಪೆಟ್ಟಿಗೆಯನ್ನು ಕೊಟ್ಟು ಬರುವಾಗ ಹೊಸಿಲಿನಲ್ಲೇ ಮುಗಿಯುತ್ತಿದ್ದ ಮಾತು ಈಗ ಒಳಗಿನ ಚಾಪೆಯವರೆಗೆ ಬೆಳೆಯುತ್ತಿದೆ. ಎದುರುಮನೆಯ ಹುಡುಗನು ಪ್ರತಿ ದೀಪಾವಳಿಗೂ ನಮ್ಮ ಬಾಗಿಲಿಗೆ ಬಂದು, "ಮೇಷ್ಟ್ರು ತಾತ, ನನ್ನ ಬಾಳೆಹಣ್ಣು ಬಂತೇ?" ಎಂದು ಕೇಳುತ್ತಾನೆ. ಅವನಿಗೆಂದು ಚಿಪ್ಪನ್ನು ಆರಿಸುವ ಕೆಲಸವನ್ನು ಮಾತ್ರ ನಾವು ಮತ್ತೊಬ್ಬರಿಗೆ ಬಿಡುವುದಿಲ್ಲ.