ನೀರಿಗೆ ಕಾವಲಿರುವ ಉಂಗುರ

ಚಳ್ಳಕೆರೆಯಿಂದ ಬಳ್ಳಾರಿಯತ್ತ ಸಾಗುವ ಹೆದ್ದಾರಿಯಲ್ಲಿ ಬಿ.ಜಿ. ಕೆರೆ ಎಂಬ ಊರುಂಟು. ಹೆಸರಿನಲ್ಲಿ ಕೆರೆಯಿದ್ದರೂ ಈ ಸೀಮೆಯ ಮೇಲೆ ವರುಣನ ಕೃಪೆ ಬಲು ಕಡಿಮೆ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಕರ್ನಾಟಕದಲ್ಲಿ ತೀರ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿದವು. ಇಂಥಲ್ಲಿ ಕೊಳವೆಬಾವಿಯಿಂದ ಮೇಲೆತ್ತಿದ ನೀರು ಹೊಲವನ್ನೋ ಮನೆಯನ್ನೋ ಸೇರುವ ಮುನ್ನ ಹಲವು ಜೋಡಣೆಗಳನ್ನು ದಾಟಬೇಕು. ಒಂದು ಜೋಡಣೆಯಲ್ಲಿ ಸೆಕೆಂಡಿಗೊಂದು ಹನಿ ಸೋರಿತೆನ್ನಿ; 20 ಹನಿಗೆ ಒಂದು ಮಿಲಿಲೀಟರಿನ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 130 ಲೀಟರು ನೀರು ಮಣ್ಣುಪಾಲು!

ಹನಿ ನೀರಾವರಿಗೂ ಮನೆಯ ನಲ್ಲಿಗೂ ನೀರೊಯ್ಯುವ ಕಪ್ಪು ಪಾಲಿಥೀನ್ ಕೊಳವೆಗೆ ಅಂಟು ಹಿಡಿಯದು. ಒಂದೋ ಕಾಯಿಸಿ ಬೆಸೆಯಬೇಕು, ಇಲ್ಲವೇ ಬಿಗಿದು ಕೂಡಿಸಬೇಕು. ಬಿಗಿದು ಕೂಡಿಸುವ ಸಾಧನವೇ ಕಂಪ್ರೆಷನ್ ಫಿಟಿಂಗ್.

ಇದರೊಳಗೆ ಎರಡು ಉಂಗುರಗಳಿವೆ. ಎರಡಕ್ಕೂ ಬೇರೆ ಬೇರೆ ಕೆಲಸ. ಮೊದಲನೆಯದು ಒಂದೆಡೆ ಸೀಳಿರುವ ಗಟ್ಟಿ ಉಂಗುರ. ಹೊರಮೈ ಇಳಿಜಾರು, ಒಳಮೈಗೆ ಸಣ್ಣ ಹಲ್ಲುಗಳು. ನಟ್ಟನ್ನು ತಿರುಗಿಸಿದಂತೆಲ್ಲ ಸೀಳು ಕಿರಿದಾಗಿ, ಹಲ್ಲುಗಳು ಕೊಳವೆಯನ್ನು ಕಚ್ಚುತ್ತವೆ. ಕೊಳವೆ ಜಾರದಂತೆ ಹಿಡಿಯುವುದು ಇದರ ಹೊಣೆ.

ನೀರನ್ನು ತಡೆಯುವುದು ಎರಡನೆಯದು, ರಬ್ಬರಿನ ಉಂಗುರ. ರಬ್ಬರನ್ನು ಒತ್ತಿದರೆ ಅದರ ಗಾತ್ರ ಕುಗ್ಗುವುದಿಲ್ಲವೆಂದೇ ಹೇಳಬಹುದು. ಆಕಾರ ಮಾತ್ರ ಬದಲಾಗುತ್ತದೆ. ಹೀಗೆ ಅದುಮಿಸಿಕೊಂಡ ಉಂಗುರ ಕೊಳವೆಗೂ ಫಿಟಿಂಗಿನ ಗೋಡೆಗೂ ನಡುವಣ ಸಂದನ್ನು ತುಂಬುತ್ತದೆ. ಹೊರನುಗ್ಗಲು ಹವಣಿಸುವ ನೀರು ಅದನ್ನು ಮತ್ತಷ್ಟು ಮೂಲೆಗೆ ಒತ್ತುವುದರಿಂದ ಹಿಡಿತ ಇನ್ನೂ ಬಿಗಿಯಾಗುತ್ತದೆ. ಕಳ್ಳನ ಕೈಯಿಂದಲೇ ಬೀಗ ಹಾಕಿಸಿದಂತೆ!

ಇಂಥ ಉಂಗುರಕ್ಕೆ ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನೀಲ್ಸ್ ಕ್ರಿಸ್ಟೆನ್ಸನ್ 1937ರಲ್ಲಿ ಪೇಟೆಂಟು ಕೋರಿದ. ಅದರ ಮಹತ್ವವನ್ನು ಲೋಕಕ್ಕೆ ಮನಗಾಣಿಸಿದ್ದು ಮಾತ್ರ ಒಂದು ದುರಂತ. 1986ರ ಜನವರಿ 28ರಂದು ಚಳಿಯಿಂದ ಪುಟಿತ ಕಳೆದುಕೊಂಡ ರಬ್ಬರ್ ಉಂಗುರ ಬಿಸಿ ಅನಿಲವನ್ನು ತಡೆಯಲಾರದೆ ಹೋಗಿ, ಚಾಲೆಂಜರ್ ಗಗನನೌಕೆಯ ಏಳು ಯಾತ್ರಿಕರು ಪ್ರಾಣ ತೆತ್ತರು.

ಹೊಲದ ಫಿಟಿಂಗು ಸೋರಿದರೆ ನಟ್ಟನ್ನು ಇನ್ನಷ್ಟು ತಿರುಚುವುದು ವಾಡಿಕೆ. ಅತಿಯಾಗಿ ತಿರುಚಿದರೆ ನಟ್ಟೇ ಬಿರಿದೀತು. ದೋಷ ಸಾಮಾನ್ಯವಾಗಿ ಬೇರೆಡೆ ಇರುತ್ತದೆ: ಕೊಳವೆಯ ತುದಿ ಓರೆಯಾಗಿ ಕತ್ತರಿಸಿರಬಹುದು, ಮೈಮೇಲೆ ಗೀರಿರಬಹುದು, ರಬ್ಬರಿಗೆ ಮರಳು ಅಂಟಿರಬಹುದು, ಕೊಳವೆ ಕೊನೆಮುಟ್ಟ ಒಳಹೊಕ್ಕಿರದೆ ಇರಬಹುದು. ನೇರವಾಗಿ ಕತ್ತರಿಸಿ, ಅಂಚನ್ನು ನಯಗೊಳಿಸಿ, ಒರೆಸಿ, ಪೂರ್ತಿ ಒಳತಳ್ಳಿ ಹದವಾಗಿ ಬಿಗಿದರೆ ಸಾಕು. ಆಳದಿಂದ ಮೇಲೆ ಬಂದ ನೀರು ಬಿ.ಜಿ. ಕೆರೆಯ ಸೀಮೆಯಲ್ಲಿ ದಾರಿಯಲ್ಲೇ ಇಂಗಿಹೋಗದೆ ಬೆಳೆಯ ಬುಡವನ್ನು ಸೇರುತ್ತದೆ.