ಅರಿವು ಕೇಂದ್ರದ ಗಣಕಯಂತ್ರ: ತಂತ್ರಾಂಶಗಳ ಮೆನುವನ್ನು ಓರಣಗೊಳಿಸುವ ಕ್ರಮ

ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ ಗಣಕಯಂತ್ರವಿದ್ದರೆ ಸಾಲದು. ಅದರ ಮುಂದೆ ಕುಳಿತವರಿಗೆ ಬೇಕಾದ ತಂತ್ರಾಂಶ ಎಲ್ಲಿದೆಯೆಂಬುದು ತಿಳಿಯಬೇಕು. ಮೆನು ತೆರೆದೊಡನೆ ಅಪರಿಚಿತ ಇಂಗ್ಲಿಷ್ ಹೆಸರುಗಳ ಉದ್ದನೆಯ ಪಟ್ಟಿ ಕಂಡರೆ, ಮೊದಲ ಬಾರಿಗೆ ಮೌಸ್ ಹಿಡಿದವರು ಹಿಂಜರಿದು ಎದ್ದುಹೋಗುವುದು ಸಹಜ. ಲಿನಕ್ಸ್ ಅಳವಡಿಸಿರುವ ಗಣಕಯಂತ್ರಗಳಲ್ಲಿ ಈ ತೊಡಕನ್ನು ಯಾವುದೇ ವೆಚ್ಚವಿಲ್ಲದೆ ನಿವಾರಿಸಬಹುದು. ಲಿನಕ್ಸ್ ಮಿಂಟ್‌ನ ಸಿನಮನ್ ಆವೃತ್ತಿಯನ್ನು ಉದಾಹರಣೆಯಾಗಿಟ್ಟುಕೊಂಡು ಈ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೆನುವಿನ ಸ್ವರೂಪ

ಮೆನುವಿನಲ್ಲಿ ಕಾಣುವ ಹೆಸರು ತಂತ್ರಾಂಶವಲ್ಲ, ಅದರ ನಾಮಫಲಕ ಮಾತ್ರ. ಪ್ರತಿ ತಂತ್ರಾಂಶಕ್ಕೂ ಒಂದು ಚಿಕ್ಕ ಪಠ್ಯ ಕಡತವಿರುತ್ತದೆ. ತಂತ್ರಾಂಶದ ಹೆಸರು, ಚಿಹ್ನೆ, ಅದನ್ನು ತೆರೆಯುವ ಆದೇಶ ಹಾಗೂ ಅದು ಸೇರಬೇಕಾದ ವಿಭಾಗ (ಕಚೇರಿ, ಶಿಕ್ಷಣ, ಚಿತ್ರ, ಆಟ ಇತ್ಯಾದಿ) ಅದರಲ್ಲಿ ನಮೂದಾಗಿರುತ್ತವೆ. ಕಡತದಲ್ಲಿ ಕನ್ನಡ ಹೆಸರೂ ಇದ್ದು, ಬಳಕೆದಾರರ ಖಾತೆಯ ಭಾಷೆ ಕನ್ನಡವಾಗಿದ್ದರೆ ಮೆನು ಕನ್ನಡದಲ್ಲಿಯೇ ಕಾಣುತ್ತದೆ.

ನಾಮಫಲಕ ತೆಗೆದ ಮಾತ್ರಕ್ಕೆ ಕೊಠಡಿ ಇಲ್ಲವಾಗದು. ಅಂತೆಯೇ ಮೆನುವಿನಿಂದ ಹೆಸರನ್ನು ಮರೆಮಾಡಿದರೂ ತಂತ್ರಾಂಶ ಅಳಿಯುವುದಿಲ್ಲ. ನಾವು ಮಾಡುವ ಬದಲಾವಣೆಯು ಆ ಖಾತೆಗೆ ಸೇರಿದ ಪ್ರತಿಯಲ್ಲಿ ಉಳಿಯುತ್ತದೆ. ಮೂಲ ಕಡತ ಹಾಗೆಯೇ ಇರುತ್ತದೆ. ಆದುದರಿಂದ ಈ ಕೆಲಸಕ್ಕೆ ಅಂಜಬೇಕಾಗಿಲ್ಲ.

ಅನುಸರಿಸಬೇಕಾದ ಹಂತಗಳು

1. ಓದುಗರಿಗಾಗಿ ಪ್ರತ್ಯೇಕವಾದ ಸಾಮಾನ್ಯ ಖಾತೆಯನ್ನು ತೆರೆಯುವುದು. ಆಡಳಿತ ಖಾತೆಯ ಪಾಸ್‌ವರ್ಡ್ ಮೇಲ್ವಿಚಾರಕರ ಬಳಿ ಮಾತ್ರ ಇರತಕ್ಕದ್ದು.

2. ಓದುಗರ ಖಾತೆಯ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಒಮ್ಮೆ ಲಾಗ್ ಔಟ್ ಆಗಿ ಮತ್ತೆ ಪ್ರವೇಶಿಸುವುದು.

3. ಮೆನು ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ, ಸಿದ್ಧತೆಗಳ ಮೂಲಕ ಮೆನು ಎಡಿಟರ್ ತೆರೆಯುವುದು. ಓದುಗರಿಗೆ ಬೇಡದ ಹೆಸರುಗಳ ಮುಂದಿನ ಗುರುತನ್ನು ತೆಗೆಯುವುದು. ಹೆಸರು ಬದಲಿಸುವಾಗ ಮೂಲ ಹೆಸರನ್ನೂ ಉಳಿಸಿ, 'ಬರವಣಿಗೆ – ರೈಟರ್', 'ಲೆಕ್ಕಪಟ್ಟಿ – ಕ್ಯಾಲ್ಕ್' ಎಂಬಂತೆ ಬರೆಯುವುದು. ಹಾಗಿದ್ದರೆ ಬೇರೆಡೆಯ ಗಣಕಯಂತ್ರದಲ್ಲಿಯೂ ಅದೇ ತಂತ್ರಾಂಶವನ್ನು ಗುರುತಿಸಬಹುದು.

4. ನಿತ್ಯ ಬಳಸುವ ನಾಲ್ಕೈದು ತಂತ್ರಾಂಶಗಳನ್ನು ಮೆಚ್ಚಿನವುಗಳ ಪಟ್ಟಿಗೆ ಸೇರಿಸುವುದು.

5. ಸೇವಾ ಸಿಂಧು ಮುಂತಾದ ಜಾಲತಾಣಗಳನ್ನು 'ವೆಬ್ ಆ್ಯಪ್ಸ್' ಎಂಬ ಸಾಧನದ ಮೂಲಕ ಮೆನುವಿಗೆ ಸೇರಿಸುವುದು. ಆಗ ಜಾಲತಾಣದ ವಿಳಾಸವನ್ನು ಪ್ರತಿ ಬಾರಿ ಟೈಪ್ ಮಾಡಬೇಕಾಗುವುದಿಲ್ಲ.

ಎಚ್ಚರಿಕೆಗಳು

ಮರೆಮಾಡುವುದು ಬೇರೆ, ತೆಗೆದುಹಾಕುವುದು ಬೇರೆ. ಮಿಂಟ್ ಮೆನುವಿನಲ್ಲಿ ತಂತ್ರಾಂಶದ ಮೇಲೆ ರೈಟ್ ಕ್ಲಿಕ್ ಮಾಡಿದಾಗ, ಮೆಚ್ಚಿನವುಗಳಿಗೆ ಸೇರಿಸುವ ಆಯ್ಕೆಯ ಜೊತೆಯಲ್ಲಿಯೇ 'ಅನ್‌ಇನ್‌ಸ್ಟಾಲ್' ಆಯ್ಕೆಯೂ ಇರುತ್ತದೆ. ಇದನ್ನು ಆರಿಸಿ ಆಡಳಿತ ಪಾಸ್‌ವರ್ಡ್ ನೀಡಿದರೆ ತಂತ್ರಾಂಶವೇ ಹೋಗುತ್ತದೆ, ಎಲ್ಲ ಖಾತೆಗಳಿಂದಲೂ ಹೋಗುತ್ತದೆ. ಮರೆಮಾಡುವುದು ಬೀಗ ಹಾಕಿದಂತೆಯೂ ಅಲ್ಲ; ತಿಳಿದವರು ಅದನ್ನು ಬೇರೆ ದಾರಿಯಿಂದ ತೆರೆಯಬಲ್ಲರು. ಪರದೆಯನ್ನು ಓದಿ ಹೇಳುವ 'ಆರ್ಕಾ' ಹಾಗೂ ಅಕ್ಷರ ಹಿಗ್ಗಿಸುವ ಸೌಲಭ್ಯಗಳು ದೃಷ್ಟಿದೋಷವುಳ್ಳವರಿಗೆ ಅಗತ್ಯವಾದ ಕಾರಣ ಅವುಗಳನ್ನು ಮರೆಮಾಡಬಾರದು. ಖಾತೆ ಎಲ್ಲರಿಗೂ ಸೇರಿದ್ದಾದುದರಿಂದ ಬ್ರೌಸರ್‌ನಲ್ಲಿ ಯಾರ ಪಾಸ್‌ವರ್ಡನ್ನೂ ಉಳಿಸದಂತೆ ನೋಡಿಕೊಳ್ಳಬೇಕು.

ಸದಸ್ಯರ ಪಾತ್ರ

ಮೆನುವಿನಲ್ಲಿ ಯಾವುದು ಮುಂದಿರಬೇಕೆಂಬುದು ಕೇವಲ ತಾಂತ್ರಿಕ ಪ್ರಶ್ನೆಯಲ್ಲ. ಊರಿನ ಜನರಿಗೆ ಏನು ಬೇಕೆಂಬ ಪ್ರಶ್ನೆ. ಶಾಲಾ ಮಕ್ಕಳು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಜನರು, ಸ್ವಸಹಾಯ ಸಂಘದ ಮಹಿಳೆಯರು ಹಾಗೂ ಹಿರಿಯ ನಾಗರಿಕರ ಅಗತ್ಯಗಳು ಬೇರೆ ಬೇರೆ. ಅವರನ್ನು ಕೇಳಿ ಪಟ್ಟಿಯೊಂದನ್ನು ಸಿದ್ಧಪಡಿಸಿ, ಮೇಲ್ವಿಚಾರಕರ ಮೂಲಕ ಮೆನುವನ್ನು ಓರಣಗೊಳಿಸಬಹುದು. ಅನಂತರ ಹೊಸಬರೊಬ್ಬರನ್ನು ಕೂರಿಸಿ, ಕನ್ನಡದಲ್ಲಿ ಒಂದು ಅರ್ಜಿ ಬರೆಯುವ ತಂತ್ರಾಂಶವನ್ನು ತಾವಾಗಿಯೇ ಹುಡುಕಿ ತೆರೆಯುವಂತೆ ತಿಳಿಸಬೇಕು. ಅವರು ಎಲ್ಲಿ ತಡವರಿಸುವರೋ ಅಲ್ಲಿ ಮೆನುವನ್ನು ಮತ್ತೆ ತಿದ್ದಬೇಕು. ಮಾನ್ಯ ಸದಸ್ಯರು ಅರಿವು ಕೇಂದ್ರಕ್ಕೆ ಭೇಟಿ ನೀಡಿದಾಗ ಈ ಅಂಶವನ್ನೂ ಪರಿಶೀಲಿಸಬೇಕೆಂದು ಕೋರಲಾಗಿದೆ.