ದ್ವೇಷದ ಗುಂಪಿಗೆ ಯುವಕರು ಸೇರುವುದು ಹೇಗೆ?

ಬಾಗಲಕೋಟೆ: 2012ರ ಜನವರಿ 1ರಂದು ನೆರೆಯ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ, ತಹಶೀಲ್ದಾರ್ ಕಚೇರಿ ಆವರಣದಲ್ಲಿ ಪಾಕಿಸ್ತಾನದ ಧ್ವಜ ಕಾಣಿಸಿಕೊಂಡಿತು. ಪಟ್ಟಣ ಕೆರಳಿತು, ಪ್ರತಿಭಟನೆಗಳು ನಡೆದವು. ಕೆಲವೇ ದಿನಗಳಲ್ಲಿ ಪೊಲೀಸರು ಬಂಧಿಸಿದ್ದು ಸ್ಥಳೀಯ ಹಿಂದೂ ಯುವಕರನ್ನು. ಕೋಮು ಸೌಹಾರ್ದ ಕದಡಲೆಂದೇ ಧ್ವಜ ಹಾರಿಸಲಾಗಿತ್ತು ಎಂಬುದು ಪೊಲೀಸರ ಆರೋಪವಾಗಿತ್ತು. ಅವರಲ್ಲೊಬ್ಬ 2018ರಲ್ಲಿ, ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆ ಪ್ರಕರಣದ ಆರೋಪಿಯಾಗಿ ಮತ್ತೆ ಬಂಧಿತನಾದ.

ಸಣ್ಣ ಊರಿನ ಯುವಕನೊಬ್ಬ ಇಂಥ ಗುಂಪಿನ ಕೈಗೆ ಸಿಗುವುದು ಹೇಗೆ? ಗೌರಿ ಪ್ರಕರಣದಲ್ಲಿ ವಿಶೇಷ ತನಿಖಾ ತಂಡ 2018ರ ನವೆಂಬರ್‌ನಲ್ಲಿ ಸಲ್ಲಿಸಿದ ಹೆಚ್ಚುವರಿ ಆರೋಪಪಟ್ಟಿ ಹಾಗೂ ತನಿಖೆಯ ವಿವರಗಳು ಇದಕ್ಕೆ ಉತ್ತರ ನೀಡುತ್ತವೆ. ಇವು ಆರೋಪಗಳೇ ಹೊರತು ನ್ಯಾಯಾಲಯದ ತೀರ್ಪಲ್ಲ.

ಭಯವೇ ಬಂಡವಾಳ

'ನಮ್ಮ ಧರ್ಮ ಅಪಾಯದಲ್ಲಿದೆ' ಎಂಬ ಭಾವನೆ ಬಿತ್ತುವುದು ಮೊದಲ ಹಂತ. ಗೌರಿ 2012ರಲ್ಲಿ ಮಂಗಳೂರಿನಲ್ಲಿ ಮಾಡಿದ ಭಾಷಣದ ವಿಡಿಯೊ ತುಣುಕನ್ನು ಆರೋಪಿಗಳಿಗೆ ತೋರಿಸಲಾಗಿತ್ತು ಎನ್ನುತ್ತದೆ ತನಿಖೆ. ಇಡೀ ಭಾಷಣ ಕೇಳಿದವನಲ್ಲಿ ಪ್ರಶ್ನೆಗಳೇಳಬಹುದು. ತುಣುಕು ನೋಡಿದವನಲ್ಲಿ ಉಳಿಯುವುದು ಸಿಟ್ಟು ಮಾತ್ರ.

ಸಂಶೋಧಕ ಎಂ.ಎಂ. ಕಲಬುರ್ಗಿ ಅವರೂ ಹುಟ್ಟಿದ್ದು ಸಿಂದಗಿ ತಾಲ್ಲೂಕಿನಲ್ಲೇ. ಹುನಗುಂದದ ನೆರೆಯ ಕೂಡಲಸಂಗಮದ ಶರಣ ಪರಂಪರೆಯ ವಚನಗಳ ಸಂಪಾದನೆಗೆ ಬದುಕು ಸವೆಸಿದ ಅವರನ್ನು, 2014ರ ಭಾಷಣವೊಂದರ ಬಳಿಕ ಧರ್ಮವಿರೋಧಿ ಎಂದು ಬಿಂಬಿಸಲಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲೇ ಅವರ ಹತ್ಯೆಯಾಯಿತು.

ಮುಂದಿನ ಹಂತ ಆಪ್ತತೆಯದು. ಪ್ರತಿಭಟನೆಗಳಲ್ಲಿ ಮುಂದೆ ನಿಲ್ಲುವ ಹುಡುಗರನ್ನು ಗುರುತಿಸಿ, ಸಣ್ಣ ಕೆಲಸ ಒಪ್ಪಿಸಿ, ಗುಪ್ತನಾಮ ಕೊಟ್ಟು ಬೆಳಗಾವಿ ಜಿಲ್ಲೆಯ ಜಾಂಬೋಟಿ ಸಮೀಪ ಶಸ್ತ್ರ ತರಬೇತಿ ನೀಡಲಾಗಿತ್ತು ಎಂಬುದು ತನಿಖಾ ತಂಡದ ಹೇಳಿಕೆ. ಒಂದು ತಪ್ಪಿನಲ್ಲಿ ಪಾಲುಗೊಂಡವನಿಗೆ ಹಿಂದಿರುಗುವ ದಾರಿ ಕಿರಿದಾಗುತ್ತದೆ.

ಮತ ಬೇರೆ, ದಾರಿ ಒಂದೇ

2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೊರಿಕ್ಷಾದೊಳಗೆ ಕುಕ್ಕರ್ ಬಾಂಬ್ ಸ್ಫೋಟಿಸಿತು. ಇದರ ಆರೋಪಿಗಳು ಐಎಸ್ ಉಗ್ರರ ಪ್ರಚಾರಕ್ಕೆ ಮರುಳಾಗಿದ್ದರು, ಅಂತರ್ಜಾಲದ ಮೂಲಕ ಸೂಚನೆ ಪಡೆಯುತ್ತಿದ್ದರು ಎಂದು ತನಿಖಾ ಸಂಸ್ಥೆಗಳು ಹೇಳಿವೆ. ಇಲ್ಲಿಯೂ ಮೊದಲು ಬಿತ್ತಿದ್ದು ಅದೇ 'ಧರ್ಮ ಅಪಾಯದಲ್ಲಿದೆ' ಎಂಬ ಮಾತು.

ಬಾಗಲಕೋಟೆ ಜಿಲ್ಲೆಗೂ ಇದು ದೂರದ ಮಾತಲ್ಲ. 2022ರ ಜುಲೈನಲ್ಲಿ ಬಾದಾಮಿ ತಾಲ್ಲೂಕಿನ ಕೆರೂರಿನಲ್ಲಿ ಗುಂಪು ಘರ್ಷಣೆ ನಡೆದು ನಿಷೇಧಾಜ್ಞೆ ಜಾರಿಯಾಗಿತ್ತು. ಗಾಯ ಹಸಿಯಾಗಿರುವ ಇಂಥ ಹೊತ್ತಿನಲ್ಲೇ ದ್ವೇಷದ ಪ್ರಚಾರ ಬೇಗ ನಾಟುತ್ತದೆ.

ತಡೆಯುವ ಮಾದರಿಯೂ ಇದೇ ಜಿಲ್ಲೆಯಲ್ಲಿದೆ. ಇಳಕಲ್‌ನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ 'ಮಹಾಂತ ಜೋಳಿಗೆ' ಹಿಡಿದು ಊರೂರು ಅಲೆದರು; ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ದ್ವೇಷವೂ ಚಟದಂತೆಯೇ ಅಂಟುತ್ತದೆ. ಮಗನ ಗೆಳೆಯರು ದಿಢೀರನೆ ಬದಲಾದಾಗ, ಮಾತಿನಲ್ಲಿ 'ಅವರು' ಎಂಬ ಪದ ಹೆಚ್ಚಿದಾಗ ಗದರಿಸುವ ಬದಲು ಕೂಡಿಸಿಕೊಂಡು ಮಾತನಾಡುವುದು ಮನೆಯವರಿಂದಲೇ ಆರಂಭವಾಗಬೇಕಾದ ಕೆಲಸ.